ಪರ್ಸನಲ್ ಟ್ರೇನರ್ ಬೇಕಾ, ಬೇಡ್ವಾ? ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀಚಿನ ವಾಕಿಂಗ್‌ನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪ್‌ನಲ್ಲಿ ಜನ ನನ್ನ ಹತ್ತಿರ ಕೇಳುವ ಪ್ರಶ್ನೆಗಳಿವು. ನಾನು ಕಾರವಾರದಲ್ಲಿ ವ್ಯಾಯಾಮ ಹೇಳಿಕೊಡುವವನು. ಎಲ್ಲರೂ ಟ್ರೇನರ್ ಇಟ್ಟುಕೊಳ್ಳಿ ಅಂದರೆ ನನಗೇ ಲಾಭ. ಆದರೂ ಹಾಗೆ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಟ್ರೇನರ್ ಬೇಕಾಗುವುದು ಕೆಲವು ತಿಂಗಳಿಗೆ. ನೀವು ಒಬ್ಬರೇ ಮಾಡುವಷ್ಟು ಕಲಿತ ಮೇಲೆ ಅವರ ಕೆಲಸ ಮುಗಿಯಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿಗೆ ಮುಂಚೆ

ಪರ್ಸನಲ್ ಟ್ರೇನರ್ ಅಂದ್ರೆ ಎಂತ ಮಾಡ್ತಾರೆ? ಜಿಮ್‌ನಲ್ಲಿ ಹೇಗೂ ಒಬ್ಬರು ಇರ್ತಾರಲ್ಲ?

ಜಿಮ್‌ನಲ್ಲಿ ಓಡಾಡಿಕೊಂಡಿರುವವರು ಎಲ್ಲರಿಗೂ ಸೇರಿದವರು. ಮಷಿನ್ ಹೇಗೆ ಬಳಸುವುದು ಅಂತ ತೋರಿಸುತ್ತಾರೆ, ಭಾರ ಎತ್ತುವಾಗ ಕೈ ಕೊಡುತ್ತಾರೆ, ಒಂದು ಸಿದ್ಧ ಚಾರ್ಟ್ ಕೊಡುತ್ತಾರೆ. ನಿಮಗೂ ಅದೇ ಚಾರ್ಟ್, ಪಕ್ಕದವರಿಗೂ ಅದೇ. ಪರ್ಸನಲ್ ಟ್ರೇನರ್ ಆ ಒಂದು ಗಂಟೆ ನಿಮಗೆ ಮಾತ್ರ. ನಿಮ್ಮ ಹಳೇ ಪೆಟ್ಟು, ನಿದ್ದೆ, ಕೆಲಸದ ಹೊತ್ತು ಎಲ್ಲ ಕೇಳಿ, ಅದಕ್ಕೆ ತಕ್ಕ ಹಾಗೆ ವ್ಯಾಯಾಮ ಹಾಕಿಕೊಡಬೇಕು. ಮಾಡಿದ್ದನ್ನು ಬರೆದಿಡಬೇಕು, ನೋಡಿಕೊಂಡು ಬದಲಿಸುತ್ತಾ ಹೋಗಬೇಕು. ಕೆಲವರು ಹೆಚ್ಚು ದುಡ್ಡು ತಗೊಂಡು ಅದೇ ಸಿದ್ಧ ಚಾರ್ಟನ್ನು ಪಕ್ಕದಲ್ಲಿ ನಿಂತು ಎಣಿಸುತ್ತಾರೆ, ಅಷ್ಟೇ. ಒಂದು, ಎರಡು, ಮೂರು ಎಣಿಸುವುದು ನಿಮಗೂ ಬರುತ್ತದೆ.

ನಾನು ದಿನಾ ಬೀಚಲ್ಲಿ ವಾಕಿಂಗ್ ಮಾಡ್ತೇನೆ. ಅಷ್ಟು ಸಾಲೋದಿಲ್ವಾ?

ಅರ್ಧ ಕೆಲಸ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು. ಅದರ ಜೊತೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಟ್ಯಾಗೋರ್ ಬೀಚಲ್ಲಿ ನಡೆಯುವಾಗ ಮಾತಾಡಲು ಆಗುತ್ತದೆ, ಹಾಡಲು ಉಸಿರು ಸಾಲುವುದಿಲ್ಲ ಅನ್ನುವಷ್ಟು ವೇಗ ಇದ್ದರೆ ಮೊದಲನೆಯದು ಸರಿಯಾಯಿತು. ಹರಟೆ ಹೊಡೆಯುತ್ತಾ ಸಾಗಿದರೆ ಅದು ಗಾಳಿ ಸೇವನೆ. ಅದೂ ಒಳ್ಳೆಯದೇ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯದು, ಅಂದರೆ ಬಲದ ವ್ಯಾಯಾಮ, ಬಹಳ ಜನ ಬಿಟ್ಟೇಬಿಡುತ್ತಾರೆ. ವಯಸ್ಸಾದ ಹಾಗೆ ಸ್ನಾಯು ಕರಗುತ್ತದೆ, ಬರೀ ನಡಿಗೆಯಿಂದ ಅದು ನಿಲ್ಲುವುದಿಲ್ಲ. ಆ ಭಾಗ ಕಲಿಯಲು ಸ್ವಲ್ಪ ದಿನ ಯಾರಾದರೂ ಜೊತೆಗಿದ್ದರೆ ಒಳ್ಳೆಯದು.

ತೋಟದಲ್ಲಿ ಬೆಳಗ್ಗಿಂದ ಸಂಜೆ ತನಕ ದುಡೀತೇವೆ. ನಮಗೆಂತಕ್ಕೆ ಮಾರಾಯ್ರೇ ವ್ಯಾಯಾಮ?

ಶಿರಸಿ, ಸಿದ್ದಾಪುರದ ಕಡೆ ಹೋದಾಗೆಲ್ಲ ಈ ಪ್ರಶ್ನೆ ಗ್ಯಾರಂಟಿ. ಮೊದಲಿಗೆ, ತೋಟ ಇರುವುದು ಬೇರೆ, ತೋಟದಲ್ಲಿ ದುಡಿಯುವುದು ಬೇರೆ. ಅಂಗಳದಲ್ಲಿ ನಿಂತು ಕೆಲಸ ಹೇಳುವವರನ್ನು ಇಲ್ಲಿ ಬಿಟ್ಟುಬಿಡೋಣ.

ನಿಜವಾಗಿ ದುಡಿಯುವವರ ಕೆಲಸ ಚಟುವಟಿಕೆಯ ಲೆಕ್ಕಕ್ಕೆ ಖಂಡಿತ ಸೇರುತ್ತದೆ. ಅವರಿಗೆ ಟ್ರೆಡ್‌ಮಿಲ್ ಬೇಡ. ಆದರೆ ಕೆಲಸಕ್ಕೆ ನಿಮ್ಮ ಮೈ ನೋಡಿಕೊಂಡು ಬದಲಾಗುವ ಗುಣ ಇಲ್ಲ. ಅಡಿಕೆ ಕೊನೆ (ಗೊನೆ) ಕೊಯ್ಲು ಬಂದಾಗ ತಿಂಗಳುಗಟ್ಟಲೆ ವಿಪರೀತ, ಮುಗಿದ ಮೇಲೆ ಅಷ್ಟಕ್ಕಷ್ಟೇ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಎದುರು ಗಂಟೆಗಟ್ಟಲೆ ಬಾಗಿ ಕೂರುತ್ತೀರಿ. ಕೈ ಒಂದೇ ರೀತಿ ಆಡುತ್ತದೆ, ಬೆನ್ನು ಒಂದೇ ಭಂಗಿಯಲ್ಲಿ ಇರುತ್ತದೆ. ಹೊರೆ ಹೊರುವವರು ಯಾವಾಗಲೂ ಅದೇ ಹೆಗಲಿಗೆ ಹಾಕುತ್ತಾರೆ. ಕಡಲ ಕಡೆ ಬಲೆ ಎಳೆಯುವವರ ಸೊಂಟದ ಕಥೆಯೂ ಇದೇ.

ಇಂಥವರಿಗೆ ಬೇಕಾದ್ದು ವಾರಕ್ಕೆ ಎರಡು ಸಲ, ಅರ್ಧ ಅರ್ಧ ಗಂಟೆ: ಹಿಂದಕ್ಕೆ ಎಳೆಯುವ ವ್ಯಾಯಾಮ, ಸೊಂಟ ಮತ್ತು ಪೃಷ್ಠದ ಬಲ, ಭಾರ ಎತ್ತುವ ಸರಿಯಾದ ರೀತಿ. ನಾಲ್ಕೈದು ಸೆಷನ್ ಕಲಿತರೆ ಮನೆಯಲ್ಲೇ ಆಗುತ್ತದೆ. ಕೊಯ್ಲಿನ ಹಂಗಾಮಿನಲ್ಲೂ ಜಿಮ್‌ನಲ್ಲಿ ಪೂರ್ತಿ ಬೆವರಿಳಿಸುವ ಟ್ರೇನರ್ ಸಿಕ್ಕರೆ, ಅವರಿಗೆ ನಿಮ್ಮ ಕೆಲಸ ಏನು ಅಂತ ಗೊತ್ತಿಲ್ಲ ಅಂದುಕೊಳ್ಳಿ.

ಹಾಗಾದ್ರೆ ಟ್ರೇನರ್ ನಿಜವಾಗಿ ಯಾರಿಗೆ ಬೇಕು?

ಭಾರದ ವ್ಯಾಯಾಮ ಹಿಂದೆ ಯಾವತ್ತೂ ಮಾಡದವರಿಗೆ. ಪೆಟ್ಟಿನಿಂದ, ಆಪರೇಷನ್‌ನಿಂದ, ಹೆರಿಗೆಯಿಂದ ಚೇತರಿಸಿಕೊಂಡು ಡಾಕ್ಟರ ಒಪ್ಪಿಗೆ ಸಿಕ್ಕವರಿಗೆ. ನಿರ್ದಿಷ್ಟ ಗುರಿ, ನಿರ್ದಿಷ್ಟ ತಾರೀಕು ಇರುವವರಿಗೆ. ವರ್ಷಗಟ್ಟಲೆ ಮಾಡಿಯೂ ಇದ್ದಲ್ಲೇ ನಿಂತವರಿಗೆ. ಅರವತ್ತು ದಾಟಿ, ಬೀಳುವ ಹೆದರಿಕೆ ಇರುವವರಿಗೆ.

"ನನಗೆ ಆಲಸ್ಯ, ಯಾರಾದರೂ ಎಬ್ಬಿಸಬೇಕು" ಅನ್ನುವುದಷ್ಟೇ ಕಾರಣವಾದರೆ ಮೊದಲು ಒಬ್ಬ ಗೆಳೆಯನನ್ನೋ ಅಕ್ಕಪಕ್ಕದವರನ್ನೋ ಜೊತೆ ಮಾಡಿಕೊಳ್ಳಿ. ಖರ್ಚಿಲ್ಲ. ಒಂದು ತಿಂಗಳು ಅದೂ ಆಗಲಿಲ್ಲ ಅಂದರೆ ಆಗ ದುಡ್ಡು ಕೊಟ್ಟು ಎಬ್ಬಿಸಿಕೊಳ್ಳಬಹುದು. ಕೊಟ್ಟ ದುಡ್ಡು ಕೆಲವರನ್ನು ನಿಜವಾಗಿಯೂ ಎಬ್ಬಿಸುತ್ತದೆ.

ಯೂಟ್ಯೂಬ್ ನೋಡಿ ಮಾಡಿದ್ರೆ ಆಗೋದಿಲ್ವಾ?

ಆರೋಗ್ಯ ಸರಿಯಿದ್ದು, ನೋವು ಗೀವು ಇಲ್ಲದಿದ್ದರೆ ಆಗುತ್ತದೆ. ಫೋನನ್ನು ಪಕ್ಕಕ್ಕೆ ನಿಲ್ಲಿಸಿ ನಿಮ್ಮದೇ ವಿಡಿಯೋ ಮಾಡಿ ನೋಡಿ. ಅಲ್ಲಿ ತೋರಿಸಿದ್ದಕ್ಕೂ ನೀವು ಮಾಡಿದ್ದಕ್ಕೂ ಎಷ್ಟು ಅಂತರ ಅಂತ ತಿಳಿಯುತ್ತದೆ. ತೊಂದರೆ ಇಷ್ಟೇ: ವಿಡಿಯೋದವರು ನಿಮ್ಮನ್ನು ನೋಡುವುದಿಲ್ಲ.

ಬಿಪಿ, ಶುಗರ್ ಎರಡೂ ಇದೆ. ಮೊದಲು ಡಾಕ್ಟರಾ, ಟ್ರೇನರಾ?

ಡಾಕ್ಟರ್. ನಡೆಯುವಾಗ ಎದೆ ಹಿಡಿದಂತಾಗುವುದು, ತಲೆ ಸುತ್ತಿ ಬೀಳುವುದು, ಸ್ವಲ್ಪಕ್ಕೇ ಏದುಸಿರು ಇದ್ದರಂತೂ ಟ್ರೇನರ್ ಮಾತೇ ಬೇಡ, ಮೊದಲು ಪರೀಕ್ಷೆ ಆಗಲಿ.

ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರದ ಗುಳಿಗೆ ತಗೊಳ್ಳುವವರಿಗೆ ವ್ಯಾಯಾಮದ ಹೊತ್ತಲ್ಲೂ ಆಮೇಲೂ ಶುಗರ್ ತೀರಾ ಇಳಿಯಬಹುದು. ಶುರುವಿಗೆ ಮುಂಚೆ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಬೇಕು. ಕಿಸೆಯಲ್ಲಿ ಸಕ್ಕರೆಯೋ ಗ್ಲುಕೋಸೋ ಇರಲಿ. ಕೈ ನಡುಗಿ, ತಣ್ಣನೆ ಬೆವರು ಬಂದು, ಮಾತು ತಡವರಿಸಿದರೆ ಅದು ದಣಿವಲ್ಲ, ಶುಗರ್ ಇಳಿದದ್ದು ಅಂತ ನಿಮ್ಮ ಟ್ರೇನರ್‌ಗೆ ಗೊತ್ತಿರಬೇಕು. ಬಿಪಿ ಇದ್ದವರು ಉಸಿರು ಕಟ್ಟಿ ಭಾರ ಎತ್ತಬಾರದು, ಆಗ ಬಿಪಿ ಒಮ್ಮೆಲೇ ಏರುತ್ತದೆ. ಎತ್ತುವಾಗ ಉಸಿರು ಬಿಡಬೇಕು. ಮಾತ್ರೆಗಳ ಚೀಟಿಯನ್ನು ಟ್ರೇನರ್‌ಗೆ ತೋರಿಸಲು ನಾಚಿಕೊಳ್ಳಬೇಡಿ.

## ಹುಡುಕುವುದು, ಆರಿಸುವುದು

ನಮ್ಮೂರಲ್ಲಿ ಟ್ರೇನರ್ ಸಿಗೋದೇ ಕಷ್ಟ. ಎಲ್ಲಿ ಅಂತ ಹುಡುಕೋದು?

ಕಾರವಾರ, ಶಿರಸಿ, ಕುಮಟಾ, ಭಟ್ಕಳದಂಥ ಊರಿನ ಜಿಮ್‌ಗಳಲ್ಲಿ ಸಿಗುತ್ತಾರೆ. ಒಳಗಿನ ಊರುಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರನ್ನು, ನಿವೃತ್ತ ಸೈನಿಕರನ್ನು, ಫಿಸಿಯೋಥೆರಪಿಸ್ಟ್‌ಗಳನ್ನು ಕೇಳಿ ನೋಡಿ. ಅವರು ಬೋರ್ಡ್ ಹಾಕಿಕೊಂಡಿರುವುದಿಲ್ಲ, ಆದರೆ ಕೆಲವರು ಬಹಳ ಚೆನ್ನಾಗಿ ಕಲಿಸುತ್ತಾರೆ.

ಯಾರನ್ನಾದರೂ ವಿಚಾರಿಸುವಾಗ ಕಳೆದ ತಿಂಗಳು ಸೇರಿದವರನ್ನು ಕೇಳಬೇಡಿ. ಹೊಸದರಲ್ಲಿ ಎಲ್ಲರಿಗೂ ಎಲ್ಲವೂ ಚಂದ. ಆರು ತಿಂಗಳು ಕಳೆದವರನ್ನು, ಅದರಲ್ಲೂ ಬಿಟ್ಟುಹೋದವರನ್ನು ಕೇಳಿ.

ಸರ್ಟಿಫಿಕೇಟ್ ನೋಡ್ಬೇಕಾ? ಗೋಡೆ ತುಂಬಾ ನೇತುಹಾಕಿದ್ದಾರೆ.

ನೋಡಬೇಕು, ಹತ್ತಿರ ಹೋಗಿ ಓದಬೇಕು. ನಮ್ಮ ದೇಶದಲ್ಲಿ ಟ್ರೇನರ್ ಆಗಲು ಡಾಕ್ಟರ್, ವಕೀಲರಿಗೆ ಇರುವಂಥ ಕಡ್ಡಾಯ ಲೈಸೆನ್ಸ್ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಹಾಗಾಗಿ ಪರೀಕ್ಷಿಸುವ ಕೆಲಸ ನಿಮ್ಮ ತಲೆ ಮೇಲೇ ಬೀಳುತ್ತದೆ.

ಗೋಡೆಯಲ್ಲಿ ನಾಲ್ಕು ತರದ ಕಾಗದ ಇರುತ್ತವೆ. ಅಮೆರಿಕದ ಏಸ್, ನ್ಯಾಸಮ್, ಎಸಿಎಸ್‌ಎಂ ಸಂಸ್ಥೆಗಳ ಪರೀಕ್ಷೆ ಪಾಸಾದ ಕಾಗದಕ್ಕೆ ತೂಕ ಇದೆ. ಅವಕ್ಕೆ ಅವಧಿಯೂ ಇದೆ: ಮೊದಲ ಎರಡಕ್ಕೆ ಎರಡು ವರ್ಷ, ಎಸಿಎಸ್‌ಎಂಗೆ ಮೂರು ವರ್ಷ. ಆಮೇಲೆ ನವೀಕರಿಸಬೇಕು. ತಾರೀಕು ನೋಡಿ. ನಮ್ಮ ದೇಶದ್ದೇ ಆದ ಎಸ್‌ಪಿಇಎಫ್‌ಎಲ್ ಸ್ಕಿಲ್ ಕೌನ್ಸಿಲ್‌ನ ಫಿಟ್‌ನೆಸ್ ಟ್ರೇನರ್ ಕೋರ್ಸ್ ಇದೆ, ದೈಹಿಕ ಶಿಕ್ಷಣದ ಬಿಪಿಎಡ್, ಎಂಪಿಎಡ್ ಪದವಿಗಳಿವೆ. ಪಟಿಯಾಲದ ಎನ್‌ಐಎಸ್ ಡಿಪ್ಲೊಮಾ ಒಂದು ಕ್ರೀಡೆಯ ಕೋಚ್ ಆಗಲು ಮಾಡುವಂಥದ್ದು, ಅದೂ ಗಟ್ಟಿ ಓದು. ಮೂರನೆಯದು ವಾರಾಂತ್ಯದ ಶಿಬಿರದಲ್ಲಿ ಕೂತಿದ್ದಕ್ಕೆ ಕೊಟ್ಟ ಕಾಗದ. ನಾಲ್ಕನೆಯದು ಬಾಡಿ ಬಿಲ್ಡಿಂಗ್ ಸ್ಪರ್ಧೆಯ ಪ್ರಶಸ್ತಿ. ಅದು ಅವರ ಮೈಗೆ ಸಿಕ್ಕಿದ್ದು, ಕಲಿಸಿದ್ದಕ್ಕಲ್ಲ.

ಇದೆಲ್ಲಕ್ಕಿಂತ ಮುಂಚೆ ನಾನು ಕೇಳುವುದು ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತುವ ತುರ್ತು ಚಿಕಿತ್ಸೆಯ ತರಬೇತಿ ಆಗಿದೆಯಾ ಅಂತ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಚಿಕಿತ್ಸೆ ಅಂದರೆ ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಓಡುವ ಪರಿಸ್ಥಿತಿ ಎಲ್ಲರಿಗೂ ಗೊತ್ತು. 108 ಬರುವ ತನಕ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಲು ಬರುವ ಒಬ್ಬರಾದರೂ ಜಿಮ್‌ನಲ್ಲಿ ಇರಬೇಕು, ಅಲ್ವಾ?

ಅವರ ಬಾಡಿ ನೋಡಿ ಆರಿಸಬಹುದಾ?

ಬೇಡ. ಒಳ್ಳೆ ಮೈಕಟ್ಟು ಇದ್ದರೆ ಅವರಿಗೆ ಶಿಸ್ತು ಇದೆ ಅಂತ ತಿಳಿಯುತ್ತದೆ. ಅರವತ್ತರ ಹೆಂಗಸಿನ ಮಂಡಿಗೆ ಏನು ಮಾಡಬೇಕು ಅಂತ ಗೊತ್ತಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ.

ಮೊದಲ ಸಲ ಮಾತಾಡುವಾಗ ಟ್ರೇನರ್ ಹತ್ರ ಏನೇನು ಕೇಳ್ಬೇಕು?

ನೀವು ಕೇಳುವುದಕ್ಕಿಂತ ಅವರು ಏನು ಕೇಳುತ್ತಾರೆ ಅಂತ ನೋಡಿ. ಎದೆನೋವು, ತಲೆಸುತ್ತು, ಗಂಟುನೋವು, ಬಿಪಿ, ಮಾತ್ರೆ ಇವುಗಳ ಬಗ್ಗೆ ಒಂದು ಸಣ್ಣ ಫಾರ್ಮ್ ತುಂಬಿಸುವುದು ಈ ಕೆಲಸದ ಮೊದಲ ಪಾಠ. ಏನೂ ಕೇಳದೆ ನೇರ ಡಂಬೆಲ್ ಕೈಗೆ ಕೊಟ್ಟರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ.

ದುಡ್ಡು ಕೊಡುವ ಮುಂಚೆ ಒಂದು ಟ್ರಯಲ್ ಕೇಳಿ. ಆ ದಿನ ಬಸ್ಕಿ ಹೊಡೆಸುವುದನ್ನೇ ಗಮನಿಸಿ, ಅದೊಂದರಲ್ಲೇ ಬಹಳ ತಿಳಿಯುತ್ತದೆ. ನೀವು ಕೂರುವಾಗ ಹಿಮ್ಮಡಿ ನೆಲದಿಂದ ಏಳುತ್ತಿದೆ ಅಂದುಕೊಳ್ಳಿ. ಒಬ್ಬರು "ಹಿಮ್ಮಡಿ ಕೆಳಗೆ, ಕೆಳಗೆ" ಅಂತ ಕೂಗುತ್ತಾರೆ. ಇನ್ನೊಬ್ಬರು ಫೋನ್ ನೋಡುತ್ತಿರುತ್ತಾರೆ. ಮೂರನೆಯವರು ಪಕ್ಕಕ್ಕೆ ಬಂದು ನೋಡುತ್ತಾರೆ, ಕಾಲು ಸ್ವಲ್ಪ ಅಗಲಿಸಿ ಅನ್ನುತ್ತಾರೆ. ಆಗಲೂ ಸರಿಯಾಗದಿದ್ದರೆ ಹಿಂದೆ ಒಂದು ಸ್ಟೂಲ್ ಇಟ್ಟು, "ಇದಕ್ಕೆ ತಾಗಿದ ಕೂಡಲೇ ಏಳಿ" ಅನ್ನುತ್ತಾರೆ. ಮತ್ತೆ ಪಾದದ ಗಂಟು ಬಿಗಿ ಇದೆಯಾ ಅಂತ ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ ನೋಡುತ್ತಾರೆ. ಈ ಮೂರನೆಯವರನ್ನು ಹಿಡಿದುಕೊಳ್ಳಿ.

ನೀವು ಕೇಳಬೇಕಾದ ಪ್ರಶ್ನೆ ಒಂದು ಇದೆ: "ಮೂರು ತಿಂಗಳ ನಂತರ ನಾನು ಒಬ್ಬನೇ ಮಾಡಬಹುದಾ?" ಹೌದು ಅಂತ ಹೇಳಿ, ಹೇಗೆ ಅಂತ ವಿವರಿಸಿದರೆ ಒಳ್ಳೆಯದು. "ಅದು ಹೇಗೆ ಸಾಧ್ಯ ಸರ್, ನಾವು ಇರಲೇಬೇಕು" ಅಂದರೆ ಅವರಿಗೆ ಬೇಕಾದ್ದು ನಿಮ್ಮ ತಿಂಗಳ ಕಂತು.

ಹೆಂಗಸರಿಗೆ ಹೆಂಗಸರೇ ಟ್ರೇನರ್ ಆಗಿರ್ಬೇಕಾ?

ಆಗಿರಲೇಬೇಕು ಅಂತ ಇಲ್ಲ. ನಿಮಗೆ ಮುಜುಗರ ಆಗದೆ ಮಾತಾಡಲು ಬರಬೇಕು, ಅಷ್ಟೇ. ಮುಟ್ಟು, ಪಿಸಿಒಡಿ, ಹೆರಿಗೆ ನಂತರ ಕೆಮ್ಮಿದಾಗ ಮೂತ್ರ ಸೋರುವುದು, ಇವನ್ನು ಹೇಳಿಕೊಳ್ಳಲು ಆಗದಿದ್ದರೆ ಅವರು ಕೊಡುವ ವ್ಯಾಯಾಮವೂ ಅರೆಬರೆ ಆಗುತ್ತದೆ. ಹೆರಿಗೆಯಾದ ಕೂಡಲೇ "ಹೊಟ್ಟೆ ಕರಗಿಸುವ" ಕ್ರಂಚ್ ಮಾಡಿಸುವವರಿಂದ ದೂರ ಇರಿ. ಮೊದಲು ಉಸಿರಾಟ, ಕೆಳಹೊಟ್ಟೆಯ ತಳದ ಸ್ನಾಯು, ಆಮೇಲೆ ಉಳಿದದ್ದು. ಸಿಸೇರಿಯನ್ ಆಗಿದ್ದರೆ ಡಾಕ್ಟರ್ ಹೇಳುವ ತನಕ ಕಾಯಿರಿ.

ಗಂಡಸು ಟ್ರೇನರ್ ಆದರೆ ಮೈ ಮುಟ್ಟಿ ಸರಿಪಡಿಸುವ ಮುಂಚೆ ಪ್ರತಿ ಸಲ ಕೇಳಬೇಕು. ಬಾಯಲ್ಲಿ ಹೇಳಿ ಅಥವಾ ತಾನೇ ಮಾಡಿ ತೋರಿಸಿ ಮುಕ್ಕಾಲು ಪಾಲು ತಿದ್ದಬಹುದು. ಕೇಳದೆ ಮುಟ್ಟುವುದನ್ನು "ಇದು ಜಿಮ್‌ನಲ್ಲಿ ಮಾಮೂಲು" ಅಂತ ಸಹಿಸಿಕೊಳ್ಳಬೇಡಿ. ಇಬ್ಬರು ಮೂವರು ಹೆಂಗಸರು ಸೇರಿ ಒಂದೇ ಹೊತ್ತಿಗೆ ಟ್ರೇನರ್ ಗೊತ್ತು ಮಾಡಿಕೊಂಡರೆ ಧೈರ್ಯಕ್ಕೂ ಆಯಿತು, ಖರ್ಚೂ ಹಂಚಿಹೋಗುತ್ತದೆ.

ಆಯಿಗೆ 66 ವರ್ಷ, ಮಂಡಿನೋವು. ಮನೆಗೆ ಬಂದು ಹೇಳಿಕೊಡೋರು ಒಳ್ಳೇದಾ?

ಬಹಳ ಒಳ್ಳೆಯದು. ಮಂಡಿ ಸವೆದವರಿಗೆ ಈಗ ಡಾಕ್ಟರುಗಳೇ ಮೊದಲು ಹೇಳುವುದು ವ್ಯಾಯಾಮ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಹೊರೆ ಕಡಿಮೆ. ನೋವು ಜೋರಿದ್ದರೆ ಮೊದಲು ಕೆಲವು ವಾರ ಫಿಸಿಯೋಥೆರಪಿಸ್ಟ್, ಆಮೇಲೆ ಟ್ರೇನರ್.

ಮನೆಗೆ ಬರುವವರು ನಿಮ್ಮ ಮನೆಯನ್ನೇ ಬಳಸಬೇಕು. ಕುರ್ಚಿಯಿಂದ ಕೈ ಊರದೆ ಏಳುವುದು, ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು, ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು ಅಂತ ಮೊದಲ ದಿನ ಬರೆದಿಟ್ಟು ತಿಂಗಳಿಗೊಮ್ಮೆ ಹೋಲಿಸಿ. ತೂಕದ ಮಷಿನ್‌ಗಿಂತ ಇದು ಹೆಚ್ಚು ಹೇಳುತ್ತದೆ. ಶುರುವಿನ ದಿನಗಳಲ್ಲಿ ಮನೆಯವರು ಯಾರಾದರೂ ಜೊತೆಗಿರಿ. ನೀವೂ ಕಲಿತಂತಾಯಿತು, ಆಮೇಲೆ ನೀವೇ ಮಾಡಿಸಬಹುದು.

## ದುಡ್ಡಿನ ವಿಷಯ

ಎಷ್ಟು ಫೀಸು ಕೊಟ್ರೆ ಸರಿ?

ಊರಿಂದ ಊರಿಗೆ, ಜಿಮ್‌ನಿಂದ ಜಿಮ್‌ಗೆ ರೇಟು ಬೇರೆ. ತಿಂಗಳ ಮೊತ್ತ ನೋಡಬೇಡಿ, ಒಂದು ಸೆಷನ್‌ಗೆ ಎಷ್ಟು ಬಿತ್ತು ನೋಡಿ. ಉದಾಹರಣೆಗೆ ತಿಂಗಳಿಗೆ 6,000 ಹೇಳಿ 12 ಸೆಷನ್ ಕೊಟ್ಟರೆ ಒಂದಕ್ಕೆ 500. ಅದೇ 6,000ಕ್ಕೆ 24 ಸೆಷನ್ ಅಂದರೆ 250. ಅಗ್ಗ ಅನಿಸುತ್ತದೆ. ಆದರೆ ಹೊಸಬರಿಗೆ ವಾರಕ್ಕೆ ಆರು ದಿನ ಟ್ರೇನರ್ ಬೇಡವೇ ಬೇಡ. ಎರಡು ದಿನ ಅವರ ಜೊತೆ, ಒಂದು ದಿನ ನೀವೇ ಅಂತ ಹೊಂದಿಸಿಕೊಳ್ಳಿ. ಜಿಮ್ ಫೀಸು ಬೇರೆ ಇದೆಯಾ, ಅವರೇ ರಜೆ ಹಾಕಿದರೆ ಆ ಸೆಷನ್ ಮುಂದಕ್ಕೆ ಹೋಗುತ್ತದಾ, ಇದನ್ನು ಮೊದಲೇ ಕೇಳಿ.

ಒಂದು ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಅರ್ಧ ರೇಟಂತೆ. ಕಟ್ಲಾ?

ಮೊದಲ ಸಲವೇ ಕಟ್ಟಬೇಡಿ. ನಮ್ಮ ಕಡೆಯ ವರ್ಷ ಹೇಗಿರುತ್ತದೆ ಅಂತ ಒಮ್ಮೆ ಎಣಿಸಿ. ಜೂನ್‌ನಿಂದ ಮಳೆ. ಅದು ಮುಗಿಯುವುದರೊಳಗೆ ಚೌತಿ, ಆಮೇಲೆ ನವರಾತ್ರಿ, ದೀಪಾವಳಿ. ತೋಟದವರಿಗೆ ಅಡಿಕೆ ಕೊಯ್ಲು. ಶಿರಸಿಯವರಿಗೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಆಗ ಮನೆ ತುಂಬಾ ನೆಂಟರು. ಬೇಸಿಗೆಯಲ್ಲಿ ಮದುವೆ, ಉಪನಯನ. ಹನ್ನೆರಡು ತಿಂಗಳಿಗೆ ದುಡ್ಡು ಕೊಟ್ಟು ಏಳು ತಿಂಗಳು ಹೋಗುವವರೇ ಜಾಸ್ತಿ. ನನಗೆ ಪರಿಚಯದ ಒಬ್ಬರು ಹೀಗೆ ಕಟ್ಟಿದ ಮೇಲೆ ಟ್ರೇನರ್ ಗೋವಾಕ್ಕೆ ಕೆಲಸಕ್ಕೆ ಹೋದರು. ಜಿಮ್‌ನವರು "ಬೇರೆಯವರು ಬರ್ತಾರೆ" ಅನ್ನುತ್ತಲೇ ವರ್ಷ ಕಳೆದರು.

ಒಂದು ತಿಂಗಳು, ಆಮೇಲೆ ಬೇಕಿದ್ದರೆ ಮೂರು ತಿಂಗಳು. ಅನಾರೋಗ್ಯಕ್ಕೆ ನಿಲ್ಲಿಸಿದರೆ ಏನು, ಟ್ರೇನರ್ ಬದಲಾದರೆ ಏನು, ದುಡ್ಡು ವಾಪಸ್ ಇದೆಯಾ ಅನ್ನುವುದು ರಸೀದಿಯ ಹಿಂದಾದರೂ ಬರೆದಿರಲಿ. ವಾಟ್ಸಾಪ್ ಮೆಸೇಜ್ ಆದರೂ ಪರವಾಗಿಲ್ಲ, ಬಾಯಿಮಾತು ಬೇಡ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೇ ದರ ಹಾಕಿದ್ದರೆ ಕೇಳಿ. ವಿವಾದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

## ಶುರುವಾದ ಮೇಲೆ

ಮೈಕೈ ನೋವು ಬಂದ್ರೆ ವ್ಯಾಯಾಮ ಹಿಡಿದಿದೆ ಅಂತಾರೆ. ಹೌದಾ?

ಅಭ್ಯಾಸ ಇಲ್ಲದ ಕೆಲಸ ಮಾಡಿದಾಗ ಒಂದರಿಂದ ಮೂರು ದಿನದ ತನಕ ಸ್ನಾಯು ನೋಯುವುದು ಸಹಜ. ಆದರೆ ನೋವು ಬಂದರೇ ಲಾಭ ಅನ್ನುವುದು ಸುಳ್ಳು. ಪ್ರತಿ ಸಲ ಮೆಟ್ಟಿಲು ಇಳಿಯಲಾಗದಷ್ಟು ನೋಯಿಸಿ ಹೆಮ್ಮೆ ಪಡುವ ಟ್ರೇನರ್‌ಗೆ ಲೆಕ್ಕ ಗೊತ್ತಿಲ್ಲ. ಗಂಟಿನೊಳಗೆ ಚುಚ್ಚಿದಂತೆ ಆಗುವುದು, ಕಾಲಿಗೋ ಕೈಗೋ ಜೋಮು ಇಳಿಯುವುದು ಸ್ನಾಯುನೋವಲ್ಲ. ಆಗ ನಿಲ್ಲಿಸಬೇಕು.

ಇನ್ನೊಂದು ಗಂಭೀರ ವಿಷಯ. ಅತಿಯಾದ ವ್ಯಾಯಾಮದ ನಂತರ ಸ್ನಾಯು ಊದಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ತೊಂದರೆ ಮಾಡುತ್ತಿರಬಹುದು. ತುಂಬಾ ದಿನ ಬಿಟ್ಟು ಬಂದವರಿಗೆ ಮೊದಲ ದಿನವೇ ವಿಪರೀತ ಮಾಡಿಸಿದಾಗ, ಅದೂ ಸೆಕೆಯಲ್ಲಿ, ಇದು ಆಗುತ್ತದೆ.

ಅನ್ನ ಬಿಡಿ, ಓಟ್ಸ್ ತಿನ್ನಿ ಅಂತ ಟ್ರೇನರ್ ಡಯಟ್ ಚಾರ್ಟ್ ಕೊಟ್ಟಿದ್ದಾರೆ. ಪಾಲಿಸ್ಬೇಕಾ?

ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಚಾರ್ಟ್‌ನಲ್ಲಿ ಬ್ರೊಕೊಲಿ, ಆವಕಾಡೊ ಇರುತ್ತದೆ. ಸಿದ್ದಾಪುರದ ಸಂತೆಯಲ್ಲಿ ಅವನ್ನು ಹುಡುಕುತ್ತಾ ಕೂರಬೇಡಿ. ಸಾಮಾನ್ಯ ಮಾತು ಹೇಳುವುದು ಟ್ರೇನರ್ ಕೆಲಸ. ಶುಗರ್, ಕಿಡ್ನಿ, ಥೈರಾಯ್ಡ್ ಇದ್ದವರಿಗೆ ಚಾರ್ಟ್ ಬರೆಯುವುದು ಡಯೆಟಿಷಿಯನ್ ಕೆಲಸ.

ಅನ್ನ ಬಿಡಬೇಕಿಲ್ಲ. ಅನ್ನದ ಗುಡ್ಡೆ ಸ್ವಲ್ಪ ಇಳಿಸಿ, ಪಕ್ಕದ್ದನ್ನು ಏರಿಸಿ. ಐಸಿಎಂಆರ್ ಪ್ರಕಾರ ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರದ ವ್ಯಾಯಾಮ ಮಾಡುವವರಿಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು. 60 ಕಿಲೋ ಇರುವವರಿಗೆ 72ರಿಂದ 96 ಗ್ರಾಂ ಅಂತಾಯಿತು. ಮೀನು ತಿನ್ನುವವರಿಗೆ ಕಷ್ಟವೇ ಇಲ್ಲ. ಬಂಗಡೆ, ತಾರ್ಲೆ ಯಾವುದೇ ಇರಲಿ, 100 ಗ್ರಾಂ ಮಾಂಸದಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್. ಇಸ್ವಣವೇ ಬೇಕಂತಿಲ್ಲ, ಅಗ್ಗದ ತಾರ್ಲೆ ಏನೂ ಕಡಿಮೆಯಿಲ್ಲ. ಆದರೆ ಎಣ್ಣೆಯಲ್ಲಿ ಮುಳುಗಿಸಿದ ರವಾ ಫ್ರೈ ದಿನಾ ಬೇಡ, ಸಾರು ಮಾಡಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ಬಂದ್ ಇದ್ದಾಗ ಮೊಟ್ಟೆಗೆ ಬನ್ನಿ, ಒಂದರಲ್ಲಿ 6 ಗ್ರಾಂ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬಿಪಿ ಇದ್ದವರು ಹುಷಾರು.

ಸಸ್ಯಾಹಾರಿಗಳದ್ದು ನಿಜವಾಗಿಯೂ ಸ್ವಲ್ಪ ಲೆಕ್ಕದ ಕೆಲಸ. ತಂಬುಳಿ, ಅಪ್ಪೆಹುಳಿ ರುಚಿಗೆ ಸರಿ, ಅದರಿಂದ ಪ್ರೋಟೀನ್ ಬರುವುದಿಲ್ಲ. ಮೊಳಕೆ ಹೆಸರುಕಾಳು, ದಪ್ಪ ತೊವ್ವೆ, ಮೊಸರು, ಹಾಲು, ಒಂದು ಹಿಡಿ ಶೇಂಗಾ, ವಾರಕ್ಕೆ ಕೆಲವು ಸಲ ಸೋಯಾ ಅಥವಾ ಪನೀರ್. 100 ಗ್ರಾಂ ಒಣ ಸೋಯಾದಲ್ಲೇ 50 ಗ್ರಾಂ ದಾಟುತ್ತದೆ.

ಪ್ರೋಟೀನ್ ಪೌಡರ್ ನಮ್ಮತ್ರಾನೇ ತಗೊಳ್ಳಿ ಅಂತಾರೆ. ಇನ್ನೊಬ್ರು ಇಂಜೆಕ್ಷನ್ ಅಂತಾರೆ.

ಪೌಡರ್ ವಿಷ ಅಲ್ಲ, ಅಮೃತವೂ ಅಲ್ಲ. ಊಟದಲ್ಲಿ ಸಾಲದಿದ್ದರೆ ತುಂಬಿಸಿಕೊಳ್ಳಲು ಒಂದು ದಾರಿ, ಅಷ್ಟೇ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ. ಸೀಲ್ ಒಡೆದ, ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕೊಡುವ ಪೌಡರ್ ಬೇಡ. ಟ್ರೇನರ್‌ಗೆ ಅದರಲ್ಲಿ ಕಮಿಷನ್ ಇದ್ದರೆ ಅವರ ಸಲಹೆಯ ತೂಕ ಅಷ್ಟು ಕಡಿಮೆ.

ಇಂಜೆಕ್ಷನ್ ಮಾತು ಬಂದ ದಿನವೇ ಆ ಟ್ರೇನರ್‌ನ್ನು ಬಿಡಿ. ಅದು ಮೈ ಬೆಳೆಸಲು ಚುಚ್ಚುವ ಸ್ಟೆರಾಯ್ಡ್. ಅದನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಹೃದಯ, ಲಿವರ್, ಗಂಡಸರಲ್ಲಿ ವೀರ್ಯ ಉತ್ಪತ್ತಿ ಎಲ್ಲಕ್ಕೂ ಏಟು ಬೀಳುತ್ತದೆ. ಇಪ್ಪತ್ತರ ಹುಡುಗರು ಇದನ್ನು ಮನೆಯಲ್ಲಿ ಹೇಳುವುದಿಲ್ಲ. ಒಮ್ಮೆಲೇ ಮೈ ಊದಿ, ಬೆನ್ನ ಮೇಲೆಲ್ಲ ಮೊಡವೆ ಎದ್ದು, ಸಿಟ್ಟು ಜಾಸ್ತಿಯಾದರೆ ತಂದೆ ತಾಯಿ ಕೂರಿಸಿಕೊಂಡು ಕೇಳಬೇಕು.

ಇಲ್ಲಿ ನಿಂತಲ್ಲೇ ಬೆವರು. ಜಾಸ್ತಿ ಬೆವರಿದ್ರೆ ಜಾಸ್ತಿ ಕೊಬ್ಬು ಕರಗುತ್ತಾ?

ಇಲ್ಲ. ಕರಗಿದ್ದು ನೀರು, ಎರಡು ಲೋಟ ಕುಡಿದರೆ ತೂಕ ವಾಪಸ್. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ಅದಕ್ಕೇ ಏಪ್ರಿಲ್, ಮೇನಲ್ಲಿ ಶಿರಸಿಯಲ್ಲಿ ಸಲೀಸಾಗಿ ಮಾಡಿದ್ದು ಅಂಕೋಲಾದಲ್ಲಿ ಏದುಸಿರು ತರಿಸುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ ಸಾಕು. ರೈನ್‌ಕೋಟ್ ಹಾಕಿಸಿ ಓಡಿಸುವ ಟ್ರೇನರ್ ಇದ್ದರೆ ಅವರ ಹತ್ತಿರ ಕಲಿಯುವಂಥದ್ದು ಏನೂ ಇಲ್ಲ.

ಮಳೆಗಾಲದಲ್ಲಿ ಎಂತ ಮಾಡೋದು? ರಸ್ತೆ ಬಂದ್, ಕರೆಂಟಿಲ್ಲ.

ಮೇ ತಿಂಗಳಲ್ಲೇ ಟ್ರೇನರ್ ಹತ್ತಿರ ಮನೆಯ ಪಟ್ಟಿ ಬರೆಸಿಕೊಳ್ಳಿ. ಒಂದು ರಬ್ಬರ್ ಬ್ಯಾಂಡ್, ಅಕ್ಕಿ ತುಂಬಿದ ಬ್ಯಾಗು, ಗಟ್ಟಿ ಸ್ಟೂಲು ಇದ್ದರೆ ಪೂರ್ತಿ ಮೈಗೆ ವ್ಯಾಯಾಮ ಆಗುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಹಾರುವುದು ಗೀರುವುದು ಬೇಡ.

ಎಷ್ಟು ದಿನದಲ್ಲಿ ವ್ಯತ್ಯಾಸ ಕಾಣ್ಬೇಕು?

ಮೂರು ನಾಲ್ಕು ವಾರದಲ್ಲಿ ಭಾರ ಹಗುರ ಅನಿಸುತ್ತದೆ. ಅದು ಸ್ನಾಯು ಬೆಳೆದಿದ್ದಕ್ಕಲ್ಲ, ನರಗಳು ಕೆಲಸ ಕಲಿತಿದ್ದಕ್ಕೆ. ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಬೇಕು. ತೂಕ ಇಳಿಸುವವರಿಗೆ ವಾರಕ್ಕೆ ಅರ್ಧ ಕಿಲೋ ಒಳ್ಳೆಯ ವೇಗ. "ತಿಂಗಳಿಗೆ 10 ಕಿಲೋ ಗ್ಯಾರಂಟಿ" ಅನ್ನುವ ಬ್ಯಾನರ್ ಕಂಡರೆ ದಾಟಿಕೊಂಡು ಹೋಗಿ. ನಿಮ್ಮ ಟ್ರೇನರ್ ಪುಸ್ತಕದಲ್ಲಿ ಮೊದಲ ವಾರದ ಭಾರ, ಎಂಟನೇ ವಾರದ ಭಾರ ಎರಡೂ ಇರಬೇಕು. ಪುಸ್ತಕವೇ ಇಲ್ಲ ಅಂದರೆ ಅವರು ಅಂದಾಜಿನಲ್ಲಿ ನಡೆಸುತ್ತಿದ್ದಾರೆ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಮಗ ಅಗ್ನಿವೀರ್ ಭರ್ತಿಗೆ ಹೊರಟಿದ್ದಾನೆ. ಜಿಮ್ ಟ್ರೇನರ್ ಹತ್ರ ಕಳಿಸ್ಲಾ?

ಕಾರವಾರದಲ್ಲಿ ನೌಕಾನೆಲೆ ಕಣ್ಣೆದುರಿಗೇ ಇರುವುದರಿಂದ ಈ ಪ್ರಶ್ನೆ ಬಹಳ ಬರುತ್ತದೆ. ಸೇನೆ, ನೌಕಾಪಡೆ ಎರಡರಲ್ಲೂ 1.6 ಕಿ.ಮೀ. ಓಟ ಇದೆ. ನೌಕಾಪಡೆಯಲ್ಲಿ ಅದರ ಜೊತೆ ಬಸ್ಕಿ, ಪುಷ್‌ಅಪ್, ಸಿಟ್‌ಅಪ್. ಸೇನೆಯಲ್ಲಿ ಪುಲ್‌ಅಪ್, ಒಂಬತ್ತು ಅಡಿ ಹಳ್ಳ ಹಾರುವುದು, ಅಂಕುಡೊಂಕು ಹಲಗೆಯ ಮೇಲೆ ನಡೆಯುವುದು. ಸಮಯದ ಮಿತಿ ಬದಲಾಗುತ್ತಾ ಇರುತ್ತದೆ, ಆ ವರ್ಷದ ಅಧಿಸೂಚನೆ ನೋಡಿ.

ಇದಕ್ಕೆ ಬೇಕಾದ್ದು ಓಟದ ಕೋಚ್. ಬೈಸೆಪ್ಸ್ ಬೆಳೆಸಿ ಏನೂ ಪ್ರಯೋಜನವಿಲ್ಲ. ವಾರಕ್ಕೆ ಒಂದು ದಿನ 400 ಮೀಟರಿನ ತುಂಡು ತುಂಡು ಓಟ, ಒಂದು ದಿನ ನಿಧಾನದ ಉದ್ದ ಓಟ, ಎರಡು ದಿನ ಸ್ವಂತ ಮೈಭಾರದ ವ್ಯಾಯಾಮ. ಕಾರವಾರದ ಮಾಲಾದೇವಿ ಮೈದಾನದಲ್ಲೋ ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದಲ್ಲೋ ಸಮತಟ್ಟು ನೆಲದಲ್ಲಿ ಓಡಲಿ. ಬೀಚಿನ ಸಡಿಲ ಮರಳಿನಲ್ಲಿ ಮೀನಖಂಡ, ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿಗೆ ಜಗ್ಗಾಟ ಜಾಸ್ತಿ. ನೀರಂಚಿನ ಗಟ್ಟಿ ಮರಳು ಒಂದು ಕಡೆ ಇಳಿಜಾರು, ಹಾಗಾಗಿ ಹೋಗುವಾಗ ಓಡಿದಷ್ಟೇ ಬರುವಾಗಲೂ ಓಡಬೇಕು.

ಬೆಂಗಳೂರಿನ ಆನ್‌ಲೈನ್ ಟ್ರೇನರ್ ಪರವಾಗಿಲ್ವಾ?

ವ್ಯಾಯಾಮದ ರೀತಿ ಈಗಾಗಲೇ ಬರುವವರಿಗೆ ಪರವಾಗಿಲ್ಲ. ಕೈಗಾದಲ್ಲೋ ನೌಕಾನೆಲೆಯಲ್ಲೋ ಶಿಫ್ಟ್ ಡ್ಯೂಟಿ ಮಾಡುವವರಿಗೆ ಅನುಕೂಲವೂ ಹೌದು. ಹೊಸಬರಿಗೆ ಬೇಡ. ಮೊದಲ ಕೆಲವು ವಾರ ಊರಿನವರ ಎದುರು ಕಲಿತು ಆಮೇಲೆ ಆನ್‌ಲೈನ್‌ಗೆ ಹೋಗಬಹುದು. ನೀವು ಕಳಿಸಿದ ವಿಡಿಯೋ ನೋಡಿ ಅವರು ನಿಮ್ಮ ತಪ್ಪನ್ನೇ ಹೆಸರಿಸಿ ಹೇಳುತ್ತಾರಾ, ಬರೀ "ಸೂಪರ್ ಸರ್" ಅಂತಾರಾ ಅಂತ ನೋಡಿ. ಘಟ್ಟದ ಒಳಗಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದರೇ ವಾರ್ಮಪ್ ಆಗಿಬಿಡುತ್ತದೆ, ಲೈವ್ ಕ್ಲಾಸ್ ತಗೊಳ್ಳಬೇಡಿ.

ಟ್ರೇನರ್ ಬದಲಿಸ್ಬೇಕು. ಆದ್ರೆ ಊರು ಚಿಕ್ಕದು, ದಿನಾ ಮುಖ ನೋಡ್ಬೇಕಲ್ಲ?

ತಿಂಗಳ ಕೊನೆಗೆ, ನೇರವಾಗಿ, ಎದುರಿಗೇ ಹೇಳಿ: "ಇಷ್ಟು ಕಲಿತೆ, ಇನ್ನು ಸ್ವಲ್ಪ ದಿನ ನಾನೇ ಮಾಡಿ ನೋಡ್ತೇನೆ." ಫೋನ್ ಎತ್ತದೆ ತಪ್ಪಿಸಿಕೊಂಡು ತಿರುಗುವುದೇ ಜಾಸ್ತಿ ಮುಜುಗರ, ನಾಳೆ ಸಂತೆಯಲ್ಲಿ ಎದುರಾಗುತ್ತಾರೆ. ನಿಮ್ಮ ದಾಖಲೆಯ ಪುಸ್ತಕವನ್ನು ಕೇಳಿ ಪಡೆದುಕೊಳ್ಳಿ, ಅದು ನಿಮ್ಮದು. ಎರಡು ಮೂರು ತಿಂಗಳಿಗೊಮ್ಮೆ ಒಂದೇ ಸೆಷನ್‌ಗೆ ಹೋಗಿ ತಪ್ಪು ತಿದ್ದಿಸಿಕೊಂಡು ಬರುವ ಪದ್ಧತಿಯೂ ಇದೆ. ಒಳ್ಳೆಯ ಟ್ರೇನರ್‌ಗಳು ಅದಕ್ಕೆ ಖುಷಿಯಿಂದ ಒಪ್ಪುತ್ತಾರೆ.

ನನಗೇ ಟ್ರೇನರ್ ಆಗ್ಬೇಕು ಅಂತಿದೆ. ಊರಲ್ಲೇ ಇದ್ದು ಬದುಕೋಕಾಗುತ್ತಾ?

ಬೆಳಿಗ್ಗೆ ಐದೂವರೆಗೆ, ಸಂಜೆ ಐದರ ಮೇಲೆ ಕೆಲಸ, ನಡುವೆ ಖಾಲಿ. ಮಳೆಗಾಲದಲ್ಲಿ ಜನ ಕಡಿಮೆ. ಹಾಗಾಗಿ ಶುರುವಿಗೆ ಜೊತೆಗೊಂದು ಬೇರೆ ಆದಾಯ ಇರಲಿ. ಮೊದಲು ಸಿಪಿಆರ್ ಕಲಿಯಿರಿ, ಆಮೇಲೆ ಮಾನ್ಯತೆ ಇರುವ ಒಂದು ಕೋರ್ಸ್ ಮಾಡಿ, ಆರು ತಿಂಗಳು ಅನುಭವಸ್ಥರ ಕೈಕೆಳಗೆ ನಿಲ್ಲಿ. ಇಲ್ಲಿ ಹುಡುಗರಿಗೆ ಮೈ ಬೆಳೆಸಿಕೊಡುವವರು ಬೇಕಾದಷ್ಟು ಇದ್ದಾರೆ. ವಯಸ್ಸಾದವರಿಗೆ ಮನೆಗೇ ಹೋಗಿ ಕಲಿಸುವವರು, ಹೆಂಗಸರಿಗೆ ಕಲಿಸುವ ಹೆಂಗಸರು ಕಡಿಮೆ. ಮಕ್ಕಳು ಬೆಂಗಳೂರಲ್ಲಿ, ಅಪ್ಪ ಅಮ್ಮ ಇಲ್ಲಿ ಅನ್ನುವ ಮನೆಗಳು ಶಿರಸಿ, ಯಲ್ಲಾಪುರ, ಹೊನ್ನಾವರ ಎಲ್ಲ ಕಡೆ ಇವೆ. ಆ ಮಕ್ಕಳೇ ನಿಮಗೆ ಫೋನ್ ಮಾಡಿ ಕರೆಯುತ್ತಾರೆ.